ನೀಡುವ ಕೈಗೂ ಒಂದು ಪಥ್ಯ

2022ರ ಜೂನ್ ತಿಂಗಳ ಕೊನೆಯ ವಾರ. ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಹಿರಿಯ ಡಯಟಿಷಿಯನ್ ಆಗಿದ್ದೆ. ಆಹಾರತಜ್ಞೆ ಎಂಬುದು ಬಾಗಿಲ ಮೇಲಿನ ಹೆಸರು. ರೋಗಿಗಳ ಬಾಯಲ್ಲಿ ನಾನು 'ಊಟದ ಬಾಯಾರು', ನಮ್ಮ ಕಡೆ ಬಾಯಾರು ಅಂದರೆ ಮೇಡಂ. ಧಾರವಾಡದ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ, ನಿವೃತ್ತಿಗೆ ಇನ್ನೆರಡು ವರ್ಷ ಉಳಿದಿತ್ತು. ಈ ಕೆಲಸದಲ್ಲಿ ಪ್ರೀತಿ ಗಳಿಸುವುದು ಕಷ್ಟ. ಡಾಕ್ಟರ ಕೋಣೆಯಿಂದ ಹೊರಬಂದವರ ಕೈಯಲ್ಲಿ ಗುಳಿಗೆಯಾದರೂ ಇರುತ್ತದೆ. ನನ್ನ ಕೋಣೆಯಿಂದ ಬರುವವರು ಸಕ್ಕರೆ, ಅನ್ನ, ಪೇಡೆ ಎಲ್ಲವನ್ನೂ ಕಳೆದುಕೊಂಡು ಬರುತ್ತಾರೆ. ಮದುವೆ ಮನೆಯಲ್ಲಿ ನನ್ನನ್ನು ಕಂಡ ಕೂಡಲೇ ಹೋಳಿಗೆಯನ್ನು ಹಪ್ಪಳದ ಕೆಳಗೆ ಮುಚ್ಚಿಟ್ಟವರನ್ನು ಕಣ್ಣಾರೆ ನೋಡಿದ್ದೇನೆ.

ಅಂಥ ನನ್ನ ಕೋಣೆಗೆ ಆ ದಿನ ನಮ್ಮ ಲಿವರ್ ತಜ್ಞರ ಚೀಟಿ ಹಿಡಿದು ಗಿರಿಜಾ ಎಂಬ ಹೆಣ್ಣುಮಗಳು ಬಂದರು. ನಲವತ್ತಾರು ವರ್ಷ, ಉಣಕಲ್ಲಿನವರು. ಗಂಡ ಕಾಳುಕಡಿಯ ವ್ಯಾಪಾರಿ, ಒಂಬತ್ತು ಜನರ ಕೂಡು ಕುಟುಂಬ, ಇವರು ಹಿರಿ ಸೊಸೆ. ಹಣೆಯ ಮೇಲೆ ವಿಭೂತಿ, ಕೈತುಂಬ ಹಸಿರು ಬಳೆ. ಸುತ್ತಿ ಬಳಸಿ ಮಾತಾಡುವ ಸ್ವಭಾವ ಅವರದಲ್ಲ ಎಂಬುದು ಮೊದಲ ಮಾತಿಗೇ ಗೊತ್ತಾಯಿತು.

"ಬಾಯಾರ, ನನ್ನ ತಮ್ಮಗ ನಾ ಲಿವರ್ ಕೊಡಬೇಕಾಗೇತ್ರಿ. ನನ್ನ ಲಿವರಿನ್ಯಾಗ ಕೊಬ್ಬು ಕುಂತೈತಂತ, ನಡಿಯೂದಿಲ್ಲ ಅಂದ್ರು. ಅದನ್ನ ಇಳಿಸಿಕೊಡ್ರಿ."

ಗಿರಣಿಗೆ ಜೋಳ ತಂದವರು 'ಸಣ್ಣಗೆ ಬೀಸಿಕೊಡಿ' ಎನ್ನುವ ಧಾಟಿಯಲ್ಲಿ ಅವರು ಇದನ್ನು ಹೇಳಿದರು. ಮಗಳ ಮದುವೆಯ ಫೋಟೋಗಾಗಿ ತೆಳ್ಳಗಾಗಲು ಬಂದವರನ್ನು ನಾನು ಕಂಡಿದ್ದೆ, ಮೊಣಕಾಲು ನೋವಿಗೆ ಬಂದವರನ್ನು ಕಂಡಿದ್ದೆ, ಡಾಕ್ಟರು ಬೈದರೆಂದು ಬಂದವರಿಗಂತೂ ಲೆಕ್ಕವಿಲ್ಲ. ಇನ್ನೊಬ್ಬರ ಹೊಟ್ಟೆಯಲ್ಲಿ ಇಡುವುದಕ್ಕಾಗಿ ತನ್ನ ಲಿವರನ್ನು ತೆಳ್ಳಗೆ ಮಾಡಿಕೊಡಿ ಎಂದು ಕೇಳಿದವರು ಅವರೊಬ್ಬರೇ. ನಾನು ಪೆನ್ನು ಕೆಳಗಿಟ್ಟು ಅವರ ಮುಖವನ್ನೇ ನೋಡಿದೆ.

ತಮ್ಮ ಮಲ್ಲಿಕಾರ್ಜುನನಿಗೆ ಮೂವತ್ತೆಂಟು ವರ್ಷ. ಲಕಮನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಸಣ್ಣದೊಂದು ಲೇಥ್ ವರ್ಕ್‌ಶಾಪು ಇಟ್ಟುಕೊಂಡಿದ್ದ. ಲಿವರ್ ಕೆಟ್ಟಿತು ಅಂದ ಕೂಡಲೇ ನಮ್ಮ ಜನ ಹುಬ್ಬೇರಿಸಿ 'ಕುಡೀತಿದ್ದನೇನು' ಎಂದು ಕೇಳುತ್ತಾರೆ. ಅವನು ಚಹಾ ಬಿಟ್ಟರೆ ಬೇರೆ ಏನನ್ನೂ ಕುಡಿದವನಲ್ಲ. ಅವನದು ಆಟೋಇಮ್ಯೂನ್ ಕಾಯಿಲೆ, ಅಂದರೆ ರೋಗದ ವಿರುದ್ಧ ಕಾದಾಡಬೇಕಾದ ಶರೀರದ ಕಾವಲು ಪಡೆ ತನ್ನದೇ ಲಿವರಿನ ಮೇಲೆ ತಿರುಗಿಬಿದ್ದಿತ್ತು. ಔಷಧಿಯ ಕಾಲ ಮುಗಿದಿತ್ತು. ಉಳಿದದ್ದು ಕಸಿ ಒಂದೇ. ಹೆಂಡತಿಯ ರಕ್ತದ ಗುಂಪು ಹೊಂದಲಿಲ್ಲ, ತಾಯಿಗೆ ವಯಸ್ಸು ಮೀರಿತ್ತು. ಹೊಂದಿದ್ದು ಅಕ್ಕನದು ಮಾತ್ರ.

ಲಿವರ್ ದಾನ ಅಂದರೆ ಇಡೀ ಲಿವರ್ ತೆಗೆಯುವುದಲ್ಲ. ಆರೋಗ್ಯವಂತರ ಲಿವರಿನ ಒಂದು ದೊಡ್ಡ ಭಾಗವನ್ನು ಕತ್ತರಿಸಿ ರೋಗಿಗೆ ಜೋಡಿಸುತ್ತಾರೆ. ಎರಡೂ ತುಂಡುಗಳು ಎರಡು ಹೊಟ್ಟೆಗಳಲ್ಲಿ ಬೆಳೆದು ಹೆಚ್ಚುಕಡಿಮೆ ಪೂರ್ಣ ಗಾತ್ರಕ್ಕೆ ಬರುತ್ತವೆ. ಆದರೆ ಕೊಬ್ಬು ತುಂಬಿದ ಲಿವರಿಗೆ ಆ ಕಸುವು ಇರುವುದಿಲ್ಲ. ಕೊಟ್ಟವರಿಗೂ ಅಪಾಯ, ಪಡೆದವರಿಗೂ ಅಪಾಯ. ಗಿರಿಜಾ ಅವರ ಎಂಆರ್‌ಐ ವರದಿಯಲ್ಲಿ ಕೊಬ್ಬು ಹದಿನೆಂಟು ಪ್ರತಿಶತ ಎಂದಿತ್ತು. ಕಸಿ ಮಾಡಬೇಕಿದ್ದ ದೂರದ ಊರಿನ ವೈದ್ಯರ ತಂಡ, ಹತ್ತರ ಒಳಗೆ ಬಂದರೆ ಮಾತ್ರ ಕರೆದುಕೊಂಡು ಬನ್ನಿ ಎಂದಿತ್ತು. ಎರಡು ತಿಂಗಳ ಗಡುವು. ಅದಕ್ಕಿಂತ ಹೆಚ್ಚು ದಿನ ಕಾಯುವ ಶಕ್ತಿ ತಮ್ಮನಿಗೆ ಇರಲಿಲ್ಲ, ಅದನ್ನು ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದ್ದರು.

ನಮ್ಮ ಲಿವರ್ ತಜ್ಞರೂ ನಾನೂ ಕೂತು ಕೀಟೋಜೆನಿಕ್ ಪಥ್ಯವನ್ನೂ ಅದರ ಜತೆಗೆ ಉಪವಾಸವನ್ನೂ ಆರಿಸಿದೆವು. ಜನ ಇದನ್ನು 'ಕೀಟೋ' ಎನ್ನುತ್ತಾರೆ. ರೊಟ್ಟಿ, ಅನ್ನ, ಅವಲಕ್ಕಿ, ಬೆಲ್ಲ, ಅಂದರೆ ಶರೀರದಲ್ಲಿ ಸಕ್ಕರೆಯಾಗುವ ಎಲ್ಲವನ್ನೂ ಬಹುತೇಕ ನಿಲ್ಲಿಸುವುದು. ಉರಿಸಲು ಸಕ್ಕರೆ ಸಿಗದಾಗ ಶರೀರ ಕೊಬ್ಬನ್ನು ಉರಿಸುತ್ತದೆ. ಲಿವರ್ ಆ ಕೊಬ್ಬಿನಿಂದ ಕೀಟೋನ್ ಎಂಬ ಇಂಧನವನ್ನು ತಯಾರಿಸಿ ಮಿದುಳಿಗೂ ಸ್ನಾಯುಗಳಿಗೂ ಕಳಿಸುತ್ತದೆ. ಉಪವಾಸವೆಂದರೆ ಸಂಜೆ ಬೇಗ ಉಂಡು ಮರುದಿನ ಮಧ್ಯಾಹ್ನದವರೆಗೆ ನೀರು, ಉಪ್ಪು ಹಾಕಿದ ತಿಳಿ ಮಜ್ಜಿಗೆ, ಸಕ್ಕರೆಯಿಲ್ಲದ ಚಹಾ ಮಾತ್ರ. ಇದು ಎಲ್ಲರಿಗೂ ಹೊಂದುವ ಪಥ್ಯವಲ್ಲ. ಸಕ್ಕರೆ ಕಾಯಿಲೆಯ ಗುಳಿಗೆ ನುಂಗುವವರು, ಬಸುರಿ ಬಾಣಂತಿಯರು ಇದನ್ನು ಓದಿ ಮನೆಯಲ್ಲಿ ಸ್ವಂತ ವೈದ್ಯ ಶುರು ಮಾಡಿದರೆ ನಾನು ಹೊಣೆಯಲ್ಲ; ಅವರಿಗೆ ನಾಲ್ಕು ಮಾತು ಬೈಯಲು ಮಾತ್ರ ಸಿದ್ಧಳಿದ್ದೇನೆ. ಗಿರಿಜಾ ಅವರಿಗೆ ಬೇರೆ ಯಾವ ಕಾಯಿಲೆಯೂ ಇರಲಿಲ್ಲ, ಪ್ರತಿ ವಾರ ರಕ್ತ ಪರೀಕ್ಷೆ ಮಾಡಿಸುತ್ತಿದ್ದೆವು.

ನಮ್ಮ ಸೀಮೆಯಲ್ಲಿ ಕೀಟೋ ಹೇಳಿಕೊಡುವುದು ಸುಲಭದ ಮಾತಲ್ಲ. ರೊಟ್ಟಿ ಬಿಡಬೇಕು ಅಂದ ಕೂಡಲೇ ಗಿರಿಜಾ ಕೇಳಿದ್ದು, ಹಾಗಾದರೆ ಪಲ್ಯವನ್ನು ಯಾವುದರಿಂದ ಎತ್ತಿಕೊಳ್ಳಬೇಕು ಎಂದು. ಚಮಚ ಅಂದೆ. ಸಣ್ಣ ಹುಡುಗರಿಗೆ ಜಾವಳ ತೆಗೆಯುವಾಗ ನೋಡುವ ಹಾಗೆ ನನ್ನನ್ನು ಕರುಣೆಯಿಂದ ನೋಡಿದರು. ಉಪವಾಸದ ಕಥೆ ಇನ್ನೂ ಬೇರೆ. ನಮ್ಮಲ್ಲಿ ಉಪವಾಸವೆಂದರೆ ಸಾಬೂದಾಣಿ ಖಿಚಡಿ, ಗೆಣಸು, ಬಾಳೆಹಣ್ಣು, ಶೇಂಗಾ ಉಂಡಿ. ಉಂಡ ದಿನಕ್ಕಿಂತ ಉಪವಾಸದ ದಿನವೇ ಹೊಟ್ಟೆ ಭಾರ. ಆ ಉಪವಾಸ ಅಲ್ಲ ಎಂದು ಎರಡು ಸಲ ಹೇಳಿ ಯಾದಿ ಬರೆದು ಕೊಟ್ಟೆ: ಪನೀರು, ಮೊಸರು, ತುಪ್ಪ, ಮೆಂತ್ಯ, ಪುಂಡಿಪಲ್ಯ, ಬದನೆಕಾಯಿ, ಎಳ್ಳು, ಕೊಬ್ಬರಿ, ಗುರೆಳ್ಳು ಚಟ್ನಿ. ಮಧ್ಯಾಹ್ನ ಒಂದು ಊಟ, ಸಂಜೆ ಒಂದು ಊಟ.

ಮೊದಲ ಎರಡು ವಾರ ಕೆಲಸ ಹೂವಿನ ಹಾಗೆ ಸಾಗಿತು. ಎಪ್ಪತ್ನಾಲ್ಕು ಕಿಲೋ ಇದ್ದ ತೂಕ ಎಪ್ಪತ್ತಕ್ಕೆ ಬಂತು. ಇದರಲ್ಲಿ ನೀರೇ ಹೆಚ್ಚು, ಹಿಗ್ಗಬೇಡಿ ಅಂದೆ. ಅವರು ಹಿಗ್ಗಲಿಲ್ಲ; ಲಿವರಿನದೆಷ್ಟು ಇಳಿಯಿತು ಎಂದಷ್ಟೇ ಕೇಳಿದರು. ಮೂರನೇ ವಾರ ತಕ್ಕಡಿಯ ಮುಳ್ಳು ನಿಂತಿತು. ನಾಲ್ಕನೇ ವಾರವೂ ಅಲ್ಲೇ. ಐದನೇ ವಾರ ನಮ್ಮಲ್ಲೇ ಫೈಬ್ರೋಸ್ಕ್ಯಾನ್ ಮಾಡಿಸಿದೆವು. ಇದು ಚರ್ಮದ ಮೇಲೆ ಯಂತ್ರವಿಟ್ಟು ಲಿವರಿನ ಕೊಬ್ಬನ್ನು ಅಂದಾಜು ಮಾಡುವ ಪರೀಕ್ಷೆ. ಕೊಬ್ಬು ಇಳಿದಿತ್ತು, ಆದರೆ ಗಡುವಿನೊಳಗೆ ಮಿತಿ ಮುಟ್ಟುವಷ್ಟಲ್ಲ. ಅದೇ ವಾರ ಮಲ್ಲಿಕಾರ್ಜುನನ ಹೊಟ್ಟೆಯಲ್ಲಿ ನೀರು ತುಂಬಿ ಅವನನ್ನು ದಾಖಲು ಮಾಡಿದರು. ಸೂಜಿ ಚುಚ್ಚಿ ನೀರು ತೆಗೆದರೆ ಮತ್ತೆ ತುಂಬುತ್ತಿತ್ತು. ನಾನು ವಾರ್ಡಿಗೆ ಹೋಗಿ ನೋಡಿಬಂದೆ. ಲೇಥಿನ ಮುಂದೆ ನಿಂತು ಗಟ್ಟಿಯಾಗಿದ್ದ ಆ ತೋಳುಗಳು ಕಡ್ಡಿಯಾಗಿದ್ದವು, ಕಣ್ಣು ಅರಿಶಿಣದ ಬಣ್ಣ.

ಗಿರಿಜಾ ಅವರನ್ನು ಕೂರಿಸಿಕೊಂಡು ವಕೀಲರ ಹಾಗೆ ಪಾಟೀಸವಾಲು ಮಾಡಿದೆ. ರೊಟ್ಟಿ? ಮುಟ್ಟಿಲ್ಲ. ಬೆಲ್ಲ? ಇಲ್ಲ. ಶ್ರಾವಣ ಸೋಮವಾರದ ಸಾಬೂದಾಣಿ? ಮನೆಯವರು ತಿಂದರು, ನಾನಲ್ಲ. ಮೂತ್ರದ ಪರೀಕ್ಷೆಯಲ್ಲಿ ಕೀಟೋನ್ ಬರುತ್ತಿತ್ತು, ಆದ್ದರಿಂದ ಅವರ ಮಾತು ಸುಳ್ಳಲ್ಲ. ತಪ್ಪು ಎಲ್ಲಿದೆ ಎಂದು ನನಗೆ ತಿಳಿಯಲಿಲ್ಲ. ಹಸಿವು ಹೇಗಿದೆ ಎಂದು ಕೇಳಿದಾಗ ಮಾತ್ರ ಅವರು ಉತ್ತರ ಕೊಡಲಿಲ್ಲ. ಬಳೆ ಸರಿಮಾಡಿಕೊಳ್ಳುತ್ತ ಬೇರೆ ಮಾತು ತೆಗೆದರು. ಸಾಮಾನ್ಯವಾಗಿ ಈ ಪಥ್ಯದಲ್ಲಿ ಎರಡನೇ ವಾರದಿಂದ ಹಸಿವು ತಾನಾಗಿ ತಗ್ಗುತ್ತದೆ. ಅದನ್ನು ಹೇಳಲು ಇವರಿಗೇಕೆ ಸಂಕೋಚ ಎಂಬುದು ನನ್ನ ತಲೆಯಲ್ಲಿ ಕೊರೆಯತೊಡಗಿತು. ಪಂಚಮಿಯ ಮರುದಿನ ಅರ್ಧ ದಿನ ರಜೆ ಹಾಕಿ, ಅವರ ಊಟದ ಹೊತ್ತಿಗೆ ಸರಿಯಾಗಿ ಉಣಕಲ್ಲಿನಲ್ಲಿ ಬಸ್ಸಿಳಿದೆ.

ನಾಗರ ಪಂಚಮಿ ನಮ್ಮ ಕಡೆ ಹೆಣ್ಣುಮಕ್ಕಳ ಹಬ್ಬ. ಅಣ್ಣತಮ್ಮಂದಿರು ಬಂದು ಅಕ್ಕತಂಗಿಯರನ್ನು ತವರಿಗೆ ಕರೆದೊಯ್ಯುತ್ತಾರೆ. ಕರೆಯಬೇಕಾದ ತಮ್ಮ ವಾರ್ಡಿನಲ್ಲಿದ್ದ, ಹೀಗಾಗಿ ಗಿರಿಜಾ ಆ ವರ್ಷ ಗಂಡನ ಮನೆಯಲ್ಲೇ ಉಳಿದಿದ್ದರು. ಬಾಗಿಲಲ್ಲಿ ನನ್ನನ್ನು ಎದುರುಗೊಂಡವರು ಅತ್ತೆ ಶಿವಲಿಂಗವ್ವನವರು. ಎಪ್ಪತ್ತು ದಾಟಿದ್ದರೂ ನೆಟ್ಟಗಿನ ಬೆನ್ನು. ಹೆಬ್ಬಳ್ಳಿಯ ಒಕ್ಕಲುತನದ ಮನೆಯಲ್ಲಿ ಹುಟ್ಟಿ ಬೆಳೆದವರು. ಸೊಸೆಗಾಗಿಯೇ ಬೇರೆ ಕಟ್ಟಿದ ಪಂಚಮಿ ಉಂಡಿಯ ಡಬ್ಬಿಯನ್ನು ತಂದು ಹೆಮ್ಮೆಯಿಂದ ನನ್ನ ಮುಂದೆ ತೆರೆದರು. ಎಳ್ಳು, ಕೊಬ್ಬರಿ, ಕಟ್ಟಲು ತುಪ್ಪ. ಬಾಯಾರ ಯಾದಿಯಲ್ಲಿದ್ದದ್ದನ್ನೇ ಹಾಕಿದ್ದೇನೆ, ಬೆಲ್ಲ ಮುಟ್ಟಿಲ್ಲ ಎಂದರು. ಬೆಲ್ಲವಿಲ್ಲದ ಪಂಚಮಿ ಉಂಡಿಯನ್ನು ಯಾರಾದರೂ ಕಟ್ಟಬಹುದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಒಂದು ಉಂಡಿಯಲ್ಲಿ ಒಂದು ಹೊತ್ತಿನ ಊಟಕ್ಕಾಗುವಷ್ಟು ಕೊಬ್ಬು ಇತ್ತು.

ಊಟಕ್ಕೆ ಕೂತೆವು. ಗಿರಿಜಾ ಅವರ ತಾಟಿನಲ್ಲಿ ಬದನೆಕಾಯಿ ಎಣ್ಣೆಗಾಯಿ, ಮೆಂತ್ಯದ ಪಚಡಿ, ಪನೀರು, ಗಟ್ಟಿ ಮೊಸರು, ಅದರ ಮೇಲೆ ತುಪ್ಪ. ಒಂದೂ ಯಾದಿಯ ಹೊರಗಿನದಲ್ಲ. ಸ್ವಲ್ಪ ಉಂಡ ಮೇಲೆ ಗಿರಿಜಾ ಸಾಕೆಂದು ಕೈ ಅಡ್ಡ ಹಿಡಿದರು. ಅತ್ತೆ ಆ ಕೈಯನ್ನು ಮೆಲ್ಲಗೆ ಸರಿಸಿ ಪನೀರು ಹಾಕಿದರು. ಮತ್ತೆ ಸಾಕೆಂದರು, ಮತ್ತೆ ತುಪ್ಪ ಬಿತ್ತು. ಮೂರನೆಯ ಸಲಕ್ಕೆ ಎರಡು ಉಂಡಿ. ಒತ್ತಾಯ ಮಾಡಿ ನೀಡುವುದು, ಅಂದರೆ ಬಡಿಸುವುದು, ನಮ್ಮ ನಾಡಿನ ಮರ್ಯಾದೆ, ಅದು ನನಗೆ ಹೊಸದಲ್ಲ. ಆದರೆ ಇಲ್ಲಿ ಒತ್ತಾಯಿಸುವವರ ಮುಖದಲ್ಲಿ ನಗು ಇರಲಿಲ್ಲ. ಗಿರಿಜಾ ತಾಟಿನಲ್ಲಿದ್ದದ್ದನ್ನೆಲ್ಲ ಮುಗಿಸಿದರು, ತಾಟಿಗೆ ನೀರು ಹಾಕಿ ತೊಳೆದು ಆ ನೀರನ್ನೂ ಕುಡಿದರು. ಶರಣರ ದಾರಿಯಲ್ಲಿ ನಡೆಯುವ ಮನೆಗಳಲ್ಲಿ ಅನ್ನವೆಂದರೆ ಪ್ರಸಾದ. ತಾಟಿಗೆ ಬಂದ ಮೇಲೆ ಒಂದು ಅಗುಳನ್ನೂ ಬಿಡುವಂತಿಲ್ಲ. ಉಣ್ಣುವವರ ಮುಖದಲ್ಲಿ ಇರಬೇಕಾದ ಸುಖ ಅವರಲ್ಲಿರಲಿಲ್ಲ. ಮುಗಿಸಲೇಬೇಕಾದ ಒಂದು ಕೆಲಸ ಮುಗಿಸಿದವರ ದಣಿವಿತ್ತು.

ನಾನು ಅತ್ತೆಯ ಎದುರಿಗೇ ಕೇಳಿದೆ. "ಗಿರಿಜಾ, ಖರೇ ಹೇಳ್ರಿ. ಊಟಕ್ಕ ಕೂಡೋ ಮುಂದ ಹಸಿವಿ ಆಗಿತ್ತೇನು?"

ಅವರು ತಲೆ ತಗ್ಗಿಸಿದರು. "ಇಲ್ರಿ. ಮೂರು ವಾರಾತು, ಹಸಿವಿನ ಆಗೂದಿಲ್ಲ. ಮೈ ಹಗುರ ಐತಿ, ನಿದ್ದಿ ಛಲೋ ಬರತೈತಿ. ಆದ್ರ ತಾಟಿಗೆ ಬಂದಮ್ಯಾಲ ಹೆಂಗ ಬಿಡೂದ್ರಿ?"

ಶಿವಲಿಂಗವ್ವನವರ ಕೈಯಲ್ಲಿದ್ದ ಸೌಟು ಪಾತ್ರೆಯೊಳಗೆ ಬಿತ್ತು. "ಹಸಿವಿಲ್ಲ ಅನ್ನೂ ಮಾತು ಈ ಮನ್ಯಾಗ ಆಡಬ್ಯಾಡ ಅಂತ ಹೇಳೇನಿಲ್ಲೋ ನಿನಗ?" ಎಂದರು. ಸಿಟ್ಟಿನ ಮಾತೆಂದುಕೊಂಡೆ, ಮುಖ ನೋಡಿದರೆ ಕಣ್ಣು ತುಂಬಿತ್ತು. ಆಮೇಲೆ ನನ್ನ ಕಡೆ ತಿರುಗಿ ಎಲ್ಲವನ್ನೂ ಹೇಳಿದರು. ಹಿಂದಿನ ದೀಪಾವಳಿಗೆ ಮಲ್ಲಿಕಾರ್ಜುನ ಇದೇ ಮನೆಗೆ ಬಂದಿದ್ದನಂತೆ. ಕರಿಗಡಬು ಮಾಡಿದ್ದರು. ಹಸಿವಿಲ್ಲ ಎಂದು ಅರ್ಧ ತಿಂದು ಕೈ ತೊಳೆದನಂತೆ. ಹೆಂಡತಿ ಕೈಯ ಅಡುಗೆ ರುಚಿ ಹತ್ತಿದೆ, ಅಕ್ಕನ ಕೈಯದು ಈಗ ಸೇರುವುದಿಲ್ಲ ಎಂದು ಎಲ್ಲರೂ ಕೂಡಿ ಅವನಿಗೆ ತಮಾಷೆ ಮಾಡಿದರಂತೆ. ಮುಂದಿನ ತಿಂಗಳು ಕಣ್ಣು ಹಳದಿಯಾಯಿತು. ಈಗ ಸೊಸೆ ಅದೇ ಮಾತನ್ನು ಆಡತೊಡಗಿದಾಗ ಆ ಹಿರಿಯ ಜೀವದ ಎದೆ ಒಡೆದಿತ್ತು. ಕತ್ತಿಯ ಕೆಳಗೆ ಕಳಿಸಬೇಕಾದ ಸೊಸೆ ಮೊದಲೇ ಜಡ್ಡಿಗೆ ಬಿದ್ದರೆ ತಾವು ಯಾರಿಗೆ ಮುಖ ತೋರಿಸಬೇಕು ಎಂದು ಕೇಳಿದರು.

ಉಣಕಲ್ಲಿಗೆ ಹೋಗುವಾಗ ನನ್ನೊಳಗೆ ಸಿಟ್ಟಿತ್ತು. ಒಬ್ಬ ಮನುಷ್ಯನ ಪ್ರಾಣ ಕೈಯಲ್ಲಿ ಹಿಡಿದುಕೊಂಡು ಇವರು ಏನಾದರೂ ಕದ್ದು ತಿನ್ನುತ್ತಿರಬಹುದು ಎಂಬ ಗುಮಾನಿಯೂ ಇತ್ತು. ಆ ಸಿಟ್ಟು ಅಲ್ಲೇ ಕರಗಿತು. ಈ ಮನೆಯಲ್ಲಿ ಪಥ್ಯ ಮುರಿದವರು ಯಾರೂ ಇರಲಿಲ್ಲ. ಅತ್ತೆ ಭಯಕ್ಕೆ ನೀಡುತ್ತಿದ್ದರು, ಸೊಸೆ ಭಕ್ತಿಗೆ ಉಣ್ಣುತ್ತಿದ್ದರು, ಲಿವರಿನ ಕೊಬ್ಬು ಇದ್ದಲ್ಲೇ ಕೂತಿತ್ತು.

ಶಿವಲಿಂಗವ್ವನವರಿಗೆ ಕೀಟೋನಿನ ಪಾಠ ಹೇಳಿ ಪ್ರಯೋಜನವಿರಲಿಲ್ಲ. ನಿಮ್ಮ ತವರಿನಲ್ಲಿ ಹಗೇವು ಇತ್ತೇ ಎಂದು ಕೇಳಿದೆ. ನೆಲದಡಿಯಲ್ಲಿ ಜೋಳ ತುಂಬಿಡುವ ಕಣಜಕ್ಕೆ ನಮ್ಮ ಕಡೆ ಹಗೇವು ಎನ್ನುತ್ತಾರೆ. ಇತ್ತು ಎಂದರು. ಮನೆಯ ಮೂಲೆಯಲ್ಲಿ ಜೋಳದ ಚೀಲ ಇರುವತನಕ ಅದರ ಬಾಯಿ ತೆಗೆಯುತ್ತಿದ್ದಿರೇನು ಅಂದೆ. ಇಲ್ಲ, ಹೊರಗಿನ ಕಾಳು ತೀರಿದ ಮೇಲೆ ತೆಗೆಯುತ್ತಿದ್ದೆವು ಎಂದರು. ಸೊಸೆಯ ಲಿವರಿನಲ್ಲಿರುವುದೂ ಹಗೇವಿನ ಕಾಳೇ, ಈಗ ಅವರ ಶರೀರ ಅದರ ಬಾಯಿ ತೆಗೆದು ಒಳಗಿನಿಂದ ತಾನೇ ಉಣ್ಣುತ್ತಿದೆ, ಅದಕ್ಕೇ ಹಸಿವಿಲ್ಲ, ನೀವು ಮೇಲಿನಿಂದ ಚೀಲ ತಂದು ಸುರಿದರೆ ಅದು ಹಗೇವನ್ನು ಮುಚ್ಚಿಬಿಡುತ್ತದೆ ಎಂದು ವಿವರಿಸಿದೆ. ಕಡಿಮೆ ಉಣ್ಣಲಿ ಎಂದು ನಾನು ಹೇಳುತ್ತಿಲ್ಲ. ಹಸಿದಾಗ ಹೊಟ್ಟೆತುಂಬ ಉಣ್ಣಲಿ, ಹಸಿಯದಾಗ ಬಿಡಲಿ ಅಂದೆ.

ಅವರು ಒಂದು ಪ್ರಶ್ನೆ ಹಾಕಿದರು. "ಜಡ್ಡಿನ್ಯಾಗೂ ಹಸಿವಿಲ್ಲ, ಇದರಾಗೂ ಹಸಿವಿಲ್ಲ. ಯಾವುದು ಯಾವುದಂತ ನಾ ಹೆಂಗ ಗುರ್ತು ಹಿಡೀಲಿ, ಬಾಯಾರ?"

ನ್ಯಾಯವಾದ ಪ್ರಶ್ನೆ. ಕಾಯಿಲೆ ಹಸಿವನ್ನು ಒಯ್ಯುವಾಗ ಬಲವನ್ನೂ ರುಚಿಯನ್ನೂ ಜತೆಗೇ ಒಯ್ಯುತ್ತದೆ, ಅಡುಗೆಯ ವಾಸನೆಗೇ ಹೇಸಿಗೆ ಬರುತ್ತದೆ ಎಂದು ಹೇಳಿದೆ. ಊಹೆಯ ಮೇಲೆ ಬಿಡುವುದೂ ಬೇಡ, ವಾರದ ರಕ್ತ ಪರೀಕ್ಷೆಯ ಫಲವನ್ನು ನಾನೇ ಫೋನು ಮಾಡಿ ನಿಮಗೇ ಹೇಳುತ್ತೇನೆ ಎಂದು ಮಾತು ಕೊಟ್ಟೆ. ಅವರು ಸೊಸೆಯನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಆಮೇಲೆ ತಮ್ಮಷ್ಟಕ್ಕೆ ತಾವೇ ಹೇಳಿಕೊಂಡ ಹಾಗೆ ಮಾತಾಡಿದರು.

"ಅಂವಗ ಒಗ್ಗರಣಿ ವಾಸನಿ ಬಂದ್ರ ವಾಕರಿಕಿ ಬರತಿತ್ತು. ಈಕಿ ಇವತ್ತು ಮುಂಜಾನಿ ರೊಟ್ಟಿ ಬಡ್ಕೋತ ಹಾಡಾಕತ್ತಿದ್ಲು." ಆಮೇಲೆ ನನ್ನ ಕಡೆ ತಿರುಗಿದರು. "ಹಂಗಾರ ಈಕಿ ಸಾಕಂದಮ್ಯಾಲ ನಾ ನೀಡಿದ್ದು ಪ್ರಸಾದ ಅಲ್ರಿ ಬಾಯಾರ. ಅದು ನನ್ನ ಅಂಜಿಕಿ. ನನ್ನ ಅಂಜಿಕಿ ಈಕಿ ಯಾಕ ಉಣ್ಣಬೇಕು?"

'ಊಟ ಬಲ್ಲವನಿಗೆ ರೋಗವಿಲ್ಲ' ಎಂಬ ಗಾದೆಯನ್ನು ರೋಗಿಗಳು ನನ್ನೆದುರು ಸಾವಿರ ಸಲ ಒಪ್ಪಿಸಿದ್ದರು, ಹೆಚ್ಚಾಗಿ ಎರಡನೇ ಜಿಲೇಬಿಯನ್ನು ಸಮರ್ಥಿಸಿಕೊಳ್ಳಲು. ನೀಡುವವರು ತಮ್ಮ ಎದೆಯಲ್ಲಿರುವುದನ್ನು ಹೀಗೆ ತೆಗೆದು ನೋಡಿಕೊಂಡದ್ದನ್ನು ನಾನು ಎಂದೂ ಕಂಡಿರಲಿಲ್ಲ.

ಅಂದೇ ಮನೆಯ ಪದ್ಧತಿ ಬದಲಾಯಿತು, ಅದೂ ಪದ್ಧತಿಯನ್ನು ಮುರಿಯದೆ. ಗಿರಿಜಾ ಅವರ ದೊಡ್ಡ ತಾಟು ಅಟ್ಟದ ಮೇಲೆ ಹೋಯಿತು, ಸಣ್ಣ ಬಟ್ಟಲು ಬಂತು. ಬೇಕಾದದ್ದನ್ನು ಬೇಕಾದಷ್ಟೇ ಅವರೇ ಹಾಕಿಕೊಳ್ಳಬೇಕು, ಹಾಕಿಕೊಂಡದ್ದನ್ನು ಬಿಡಬಾರದು. ಬಟ್ಟಲನ್ನೂ ಮೊದಲಿನ ಹಾಗೇ ತೊಳೆದು ಕುಡಿಯುತ್ತಿದ್ದರು. ನನ್ನ ಯಾದಿಯಲ್ಲಿದ್ದ ಊಟದ ಗಂಟೆಗಳನ್ನು ನಾನು ಹೊಡೆದುಹಾಕಿದೆ. ಮಧ್ಯಾಹ್ನದ ಮೇಲೆ, ಹಸಿವಾದರೆ ಎಂದು ಬರೆದೆ. ದಿನಕ್ಕೆ ಇಷ್ಟು ಪನೀರು ಮೊಸರು ಹೊಟ್ಟೆಗೆ ಹೋಗಲೇಬೇಕು, ನೀರು ಉಪ್ಪು ತಪ್ಪಬಾರದು, ತಲೆ ತಿರುಗಿದರೆ ತಕ್ಷಣ ಫೋನು ಎಂಬ ಕಟ್ಟಳೆಗಳನ್ನು ಮಾತ್ರ ಉಳಿಸಿಕೊಂಡೆ. ದಾನಿ ಸೊರಗಿದರೂ ಶಸ್ತ್ರಕ್ರಿಯೆ ನಿಲ್ಲುತ್ತದಲ್ಲ, ಆದ್ದರಿಂದ ಅದು ಹಗ್ಗದ ಮೇಲಿನ ನಡಿಗೆಯೇ ಆಗಿತ್ತು.

ಒಂದು ವಾರ ಬಿಟ್ಟು ಮತ್ತೊಮ್ಮೆ ಅವರ ಮನೆಗೆ ಹೋದೆ. ಶಿವಲಿಂಗವ್ವನವರು ಸೊಸೆಯ ಎದುರಿಗೆ ಕೂತಿದ್ದರು. ಗಿರಿಜಾ ಬಟ್ಟಲು ಖಾಲಿ ಮಾಡಿ ಸಾಕೆಂದಾಗ ಅತ್ತೆಯ ಬಲಗೈ ತಾನಾಗಿ ಸೌಟಿನ ಕಡೆ ಎದ್ದಿತು. ಎಡಗೈಯಿಂದ ಅದನ್ನು ಹಿಡಿದು ಮಡಿಲಿಗೆ ತಂದುಕೊಂಡರು. ಐವತ್ತು ವರ್ಷ ಆ ಮನೆಯಲ್ಲಿ ನೀಡುತ್ತ ಬಂದ ಕೈ ಅದು. ಉಪವಾಸ ಮಾಡುವವರನ್ನು ನಾನು ಬಹಳ ನೋಡಿದ್ದೇನೆ. ಅಷ್ಟು ಕಠಿಣವಾದ ಉಪವಾಸವನ್ನು ನೋಡಿಲ್ಲ.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ಬೆರಗಾಗುತ್ತದೆ. ಕೆಲವು ದಿನ ಗಿರಿಜಾ ಎರಡು ಸಲ ಉಂಡರು, ಕೆಲವು ದಿನ ಒಂದೇ ಸಲ. ದಿನಾ ಮುಂಜಾನೆ ಒಂಬತ್ತು ಜನರಿಗೆ ರೊಟ್ಟಿ ಬಡಿದರು, ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟುಕೊಟ್ಟರು, ಒಂದು ಚೂರನ್ನೂ ಬಾಯಿಗೆ ಹಾಕಲಿಲ್ಲ. ಆಸೆಯಾಗುವುದಿಲ್ಲವೇ ಎಂದು ಫೋನಿನಲ್ಲಿ ಕೇಳಿದೆ. ಆಸೆ ಆಗುತ್ತದೆ, ಹಸಿವು ಆಗುವುದಿಲ್ಲ, ಈಗ ಎರಡರ ನಡುವಿನ ಗೆರೆ ಕಾಣುತ್ತದೆ ಎಂದರು. ನನ್ನ ಬಳಿ ತರಬೇತಿಗೆ ಬರುತ್ತಿದ್ದ ವಿದ್ಯಾರ್ಥಿನಿಯರಿಗೆ ಒಂದು ಸೆಮಿಸ್ಟರ್ ಪಾಠ ಮಾಡಿದರೂ ಹೇಳಲಾಗದ ಮಾತನ್ನು ಅವರು ಹಿಟ್ಟು ನಾದುತ್ತ ಹೇಳಿದ್ದರು. ಮುಳ್ಳು ಮತ್ತೆ ಸರಿಯತೊಡಗಿತು. ಅರವತ್ತೊಂಬತ್ತು, ಅರವತ್ತೆಂಟು. ಕಣ್ಣಿಗೆ ಕಾಣದ ಆ ಕತ್ತಲೆಯಲ್ಲಿ ಶರೀರ ಯಾರ ಅಪ್ಪಣೆಗೂ ಕಾಯದೆ ವರ್ಷಗಟ್ಟಲೆಯ ಗಂಟನ್ನು ಬಿಚ್ಚಿ ಬಿಚ್ಚಿ ಉಣ್ಣುತ್ತಿತ್ತು. ಪುಸ್ತಕದಲ್ಲಿ ಇದನ್ನು ಓದಿಯೇ ನಾನು ಪದವಿ ಪಡೆದಿದ್ದೆ. ಕಣ್ಣೆದುರು ನಡೆದಾಗ ಮಾತ್ರ ಕೈ ಮುಗಿಯಬೇಕು ಅನ್ನಿಸಿತು.

ಆಗಸ್ಟ್ ಕೊನೆಗೆ ಮತ್ತೆ ಎಂಆರ್‌ಐ ಆಯಿತು. ಅವತ್ತು ನಾನು ಕೆಲಸ ಮಾಡಿದ ಹಾಗೆ ನಟಿಸಿದೆ, ಅಷ್ಟೆ. ರೇಡಿಯಾಲಜಿ ವಿಭಾಗದವರು ಫೋನು ಮಾಡಿ 'ಏಳು' ಎಂದರು. ಹದಿನೇಳೋ ಎಂದು ಕೇಳಿದೆ. ಏಳೇ, ಹತ್ತರ ಒಳಗಿನ ಏಳು ಎಂದು ಅವರು ನಕ್ಕರು. ತೂಕ ಅರವತ್ತಾರು. ಗಿರಿಜಾ ಅವರಿಗೆ ತಿಳಿಸಿದಾಗ ಪಾಸಾಯಿತೇನು ಎಂದು ಕೇಳಿದರು, ಹೌದೆಂದೆ. ಅತ್ತ ಕಡೆ ಫೋನು ಕೈ ಬದಲಾಯಿಸಿದ ಸದ್ದು ಕೇಳಿತು. ಶಿವಲಿಂಗವ್ವನವರು ಆ ಅಂಕಿಯನ್ನು ನನ್ನ ಬಾಯಿಂದ ಇನ್ನೊಮ್ಮೆ ಹೇಳಿಸಿಕೊಂಡರು.

ಸೆಪ್ಟೆಂಬರ್‌ನಲ್ಲಿ ಅಕ್ಕತಮ್ಮ ಇಬ್ಬರನ್ನೂ ಆ ದೂರದ ಊರಿಗೆ ಕರೆದೊಯ್ದರು. ಶಸ್ತ್ರಕ್ರಿಯೆ ಮುಂಜಾನೆಯಿಂದ ಸಂಜೆಯ ತನಕ ನಡೆಯಿತು. ಗಿರಿಜಾ ಅವರ ಲಿವರ್ ಒಳ್ಳೆ ಕೆಂಪು ಕಂದು ಬಣ್ಣ, ಮೆತ್ತಗೆ, ಚೊಕ್ಕವಾಗಿತ್ತು ಎಂದು ಶಸ್ತ್ರವೈದ್ಯರು ನಮ್ಮ ತಜ್ಞರಿಗೆ ಹೇಳಿದರಂತೆ. ಕೊಬ್ಬು ತುಂಬಿದ ಲಿವರ್ ಹಳದಿಯಾಗಿ ಜಿಡ್ಡಾಗಿರುತ್ತದೆ. ಆಮೇಲಿನ ವಾರ ಸುಲಭದ್ದಾಗಿರಲಿಲ್ಲ. ತಮ್ಮನಿಗೆ ಜ್ವರ ಬಂತು, ಹೊಸ ಲಿವರನ್ನು ಶರೀರ ಒಪ್ಪುತ್ತದೋ ಇಲ್ಲವೋ ಎಂಬ ಆತಂಕ ಬಂತು. ನಾನು ಧಾರವಾಡದಲ್ಲಿ ಕೂತು ದೇವರಿಗೆ ಹರಕೆ ಹೊತ್ತೆ, ಆಮೇಲೆ ವಿಜ್ಞಾನ ಓದಿದವಳು ಎಂದು ನಾಚಿಕೊಂಡೆ, ಹರಕೆಯನ್ನು ಮಾತ್ರ ಹಿಂತೆಗೆದುಕೊಳ್ಳಲಿಲ್ಲ.

ಹತ್ತು ಹನ್ನೆರಡು ದಿನವಾಗಿರಬೇಕು. ಹೊರರೋಗಿಗಳ ಗದ್ದಲದ ನಡುವೆ ಗಿರಿಜಾ ಅವರ ಫೋನು ಬಂತು. ಹೊಟ್ಟೆಯ ಹೊಲಿಗೆ ಜಗ್ಗುತ್ತಿದ್ದದ್ದರಿಂದ ಮೆಲ್ಲಗೆ ಮಾತಾಡುತ್ತಿದ್ದರು.

"ಬಾಯಾರ, ತಮ್ಮ ಇವತ್ತ ಬೇಡಿ ಉಂಡಾನ್ರಿ. ಹಸಿವಿ ಆಗೈತಿ, ಇನ್ನೊಂದೀಟು ಹಾಕ್ರಿ ಅಂದ."

ನನ್ನೆದುರು ಸಕ್ಕರೆ ಕಾಯಿಲೆಯ ದಪ್ಪ ಮನುಷ್ಯರೊಬ್ಬರು ಬೈಸಿಕೊಳ್ಳಲು ಸಿದ್ಧರಾಗಿ ಕೂತಿದ್ದರು. ನಾನು ಅಳುವುದನ್ನು ಕಂಡು ಅವರು ಗಾಬರಿಯಾಗಿ, ನಾಳೆಯಿಂದ ಖಂಡಿತ ಸಕ್ಕರೆ ಬಿಡುತ್ತೇನೆ ಎಂದು ತಾವಾಗಿಯೇ ಮಾತು ಕೊಟ್ಟರು.

ಈಗ ನಿವೃತ್ತಳಾಗಿದ್ದೇನೆ. ಯಾರಾದರೂ ಸಲಹೆ ಕೇಳಿ ಮನೆಗೆ ಬಂದರೆ ಏನು ಉಣ್ಣುತ್ತೀರಿ ಎಂದು ಮೊದಲು ಕೇಳುವುದನ್ನು ಬಿಟ್ಟಿದ್ದೇನೆ. ನಿಮಗೆ ಯಾರು ನೀಡುತ್ತಾರೆ ಎಂದು ಕೇಳುತ್ತೇನೆ. ನೀಡುವವರನ್ನೂ ಕರೆದುಕೊಂಡು ಬನ್ನಿ ಅನ್ನುತ್ತೇನೆ, ಬಂದರೆ ಅವರಿಗೆ ಯಾವುದರ ಭಯ ಎಂದು ವಿಚಾರಿಸುತ್ತೇನೆ. ಹಸಿವಿಲ್ಲದಾಗ ಉಣ್ಣದೆ ಇರುವುದು ಒಬ್ಬರಿಂದಲೇ ಆಗುವ ಕೆಲಸವಲ್ಲ. ಸಾಕು ಅಂದಾಗ ನಂಬಿ, ಎದುರಿಗೆ ಕೈ ಕಟ್ಟಿಕೊಂಡು ಕೂರುವವರೊಬ್ಬರು ಬೇಕು.